ಮಳೆಗಾಲದಲ್ಲಿ ನೀರು ಕುಡಿದ ಮೊಬೈಲ್ ಉಳಿಸುವುದು: ಮಲೆನಾಡಿನವರಿಗೆ ಸಮಗ್ರ ಮಾರ್ಗದರ್ಶಿ

ಆರಿದ್ರಾ ಮಳೆ ಹಿಡಿಯಿತೆಂದರೆ ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರದ ರಿಪೇರಿ ಅಂಗಡಿಗಳಿಗೆ ನೀರು ಕುಡಿದ ಮೊಬೈಲುಗಳು ಬರಲು ಶುರು. ಹೆಚ್ಚಿನವುಗಳದ್ದು ಒಂದೇ ಕಥೆ: ಮೇಲೆತ್ತಿದ ಕೂಡಲೇ ಆನ್ ಮಾಡಿ ನೋಡಿದ್ದು, ರಾತ್ರಿ ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟದ್ದು, ಬೆಳಿಗ್ಗೆ ಚಾರ್ಜಿಗೆ ಹಾಕಿದ್ದು. ಈ ಮೂರೂ ತಪ್ಪು. ಮೂರನೆಯದಂತೂ ಬದುಕುತ್ತಿದ್ದ ಫೋನನ್ನೂ ಮುಗಿಸುತ್ತದೆ.

ಕಾರಣ ತಿಳಿದರೆ ಮುಂದಿನ ಹಂತಗಳ ಅನುಕ್ರಮ ತಾನಾಗಿಯೇ ಅರ್ಥವಾಗುತ್ತದೆ. ಫೋನಿನೊಳಗಿನ ಸರ್ಕ್ಯೂಟ್ ಬೋರ್ಡಿಗೆ ಬ್ಯಾಟರಿಯಿಂದ ಸುಮಾರು 4 ವೋಲ್ಟ್ ಬರುತ್ತಿರುತ್ತದೆ. ಕೂದಲೆಳೆಯಷ್ಟು ಅಂತರದಲ್ಲಿರುವ ಎರಡು ತಾಮ್ರದ ಗೆರೆಗಳ ನಡುವೆ ನೀರು ನಿಂತರೆ, ನೀರಿನಲ್ಲಿ ಕರಗಿದ ಲವಣದ ಮೂಲಕ ಕರೆಂಟು ಹರಿದು, ಒಂದು ಕಡೆಯ ತಾಮ್ರ ಕರಗಿ ಇನ್ನೊಂದು ಕಡೆಗೆ ಸಾಗುತ್ತದೆ. ಬೋರ್ಡಿನ ಮೇಲೆ ಹಸಿರು ಅಥವಾ ಬಿಳಿ ಕಿಲುಬು ಕಾಣುವುದು ಹೀಗೆ. ವೋಲ್ಟೇಜ್ ಹೆಚ್ಚಿದ್ದಷ್ಟೂ ಈ ಕೆಲಸ ಬೇಗ. ಎಲ್‌ಸಿಡಿ ಪರದೆಯ ಬ್ಯಾಕ್‌ಲೈಟ್ ಸರ್ಕ್ಯೂಟಿನಲ್ಲಿ 20 ವೋಲ್ಟಿನ ಆಸುಪಾಸು ಇರುವುದರಿಂದ ಅನೇಕ ಫೋನುಗಳಲ್ಲಿ ಮೊದಲು ಹೋಗುವುದು ಪರದೆಯ ಬೆಳಕೇ. ಕರೆಂಟು ನಿಲ್ಲಿಸಿದರೆ ಕಿಲುಬಿನ ವೇಗ ತೀರಾ ತಗ್ಗುತ್ತದೆ, ಒಣಗಿಸಲು ಸಮಯ ಸಿಗುತ್ತದೆ. ಆದ್ದರಿಂದ ಮೊದಲ ಕೆಲಸ ಒಣಗಿಸುವುದಲ್ಲ, ಆಫ್ ಮಾಡುವುದು.

ಇನ್ನೊಂದು ಮಾತು ನಮ್ಮ ಕಡೆಗೇ ಸೇರಿದ್ದು. ‘ಎರಡು ದಿನ ಗಾಳಿಯಲ್ಲಿಡಿ, ಒಣಗುತ್ತದೆ’ ಎಂಬ ಸಲಹೆ ಒಣಹವೆಯ ಊರಿಗೆ ಸರಿ. ವರ್ಷಕ್ಕೆ 7000 ಮಿ.ಮೀ.ಗೂ ಮೇಲೆ ಮಳೆ ಸುರಿಯುವ ಆಗುಂಬೆಯಲ್ಲಿ, ಅಥವಾ ಹುಲಿಕಲ್, ನಗರದ ಕಡೆ, ಜುಲೈ ತಿಂಗಳ ಗಾಳಿಯಲ್ಲಿ ತೇವಾಂಶ ಶೇ. 90 ದಾಟಿರುತ್ತದೆ. ಹಗ್ಗದ ಮೇಲಿನ ಪಂಚೆಯೇ ನಾಲ್ಕು ದಿನವಾದರೂ ಹಸಿ ಇರುವಾಗ, ಅಂಟು ಹಾಕಿ ಮುಚ್ಚಿದ ಫೋನಿನೊಳಗಿನ ನೀರು ಎಲ್ಲಿಗೆ ಹೋದೀತು? ಇಲ್ಲಿ ಒಣಗಾಳಿಯನ್ನು ನಾವೇ ಮಾಡಿಕೊಳ್ಳಬೇಕು.

ಮಳೆಗಾಲಕ್ಕೆ ಮೊದಲೇ ಮನೆಯಲ್ಲಿರಬೇಕಾದದ್ದು

ಫೋನು ಬಿದ್ದ ಮೇಲೆ ಇವನ್ನು ಹುಡುಕಿಕೊಂಡು ಪೇಟೆಗೆ ಹೊರಟರೆ ತಡವಾಯಿತು.

- ಗಾಳಿಯಾಡದ ಮುಚ್ಚಳದ ಪಾರದರ್ಶಕ ಡಬ್ಬಿ, 1 ಲೀಟರಿನದ್ದು. ಮುಚ್ಚಳಕ್ಕೆ ರಬ್ಬರ್ ವಾಷರ್ ಇರಬೇಕು. ಸಾಧಾರಣ ಪ್ಲಾಸ್ಟಿಕ್ ಡಬ್ಬಿ ಬೇಡ.
- ಸಿಲಿಕಾ ಜೆಲ್, ಕನಿಷ್ಠ 250 ಗ್ರಾಂ. ಬಣ್ಣ ಬದಲಾಗುವ ಜಾತಿಯದ್ದೇ ಇರಲಿ. ಕಿತ್ತಳೆ ಬಣ್ಣದ್ದು ಒಳ್ಳೆಯದು. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಮಕ್ಕಳಿರುವ ಮನೆಗೆ ಬೇಡ.
- ಐಸೊಪ್ರೊಪೈಲ್ ಆಲ್ಕೊಹಾಲ್, ಶೇ. 99ರದ್ದು, 250 ಮಿ.ಲೀ. ಅಂಗಡಿಯವರು ಐಪಿಎ ಎನ್ನುತ್ತಾರೆ. ಫೋನು ಬಿಚ್ಚುವ ಅಭ್ಯಾಸ ಇದ್ದವರಿಗೆ ಮಾತ್ರ ಬೇಕು.
- ಡಿಸ್ಟಿಲ್ಡ್ ವಾಟರ್, 1 ಲೀಟರ್. ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಬ್ಯಾಟರಿ ಆಸಿಡ್ ಬೇರೆ, ಡಿಸ್ಟಿಲ್ಡ್ ವಾಟರ್ ಬೇರೆ. ಲೇಬಲ್ ಓದಿ ತನ್ನಿ.
- ಸಿಮ್ ಪಿನ್, ಹಳೆಯ ಮೆತ್ತನೆಯ ಹತ್ತಿಬಟ್ಟೆ, ಮೆದು ಬ್ರಷ್, ಸಣ್ಣ ಟಾರ್ಚ್.
- ಡಿಜಿಟಲ್ ತೇವಾಂಶ ಮಾಪಕ, ಡಬ್ಬಿಯೊಳಗೆ ಹಿಡಿಸುವಷ್ಟು ಚಿಕ್ಕದು. ಇದಿಲ್ಲದೆಯೂ ನಡೆಯುತ್ತದೆ, ಇದ್ದರೆ ಊಹೆಯ ಕೆಲಸ ತಪ್ಪುತ್ತದೆ.

ಶೂ ಡಬ್ಬಿ, ಔಷಧಿ ಬಾಟಲಿಗಳಿಂದ ಎತ್ತಿಟ್ಟ ಪುಟ್ಟ ಜೆಲ್ ಪೊಟ್ಟಣಗಳನ್ನು ನಂಬಬೇಡಿ. ಕಪಾಟಿನಲ್ಲಿ ತೆರೆದು ಬಿದ್ದಿದ್ದ ಪೊಟ್ಟಣ ನಮ್ಮ ಹವೆಯಲ್ಲಿ ಆಗಲೇ ತೇವ ಹೀರಿ ಮುಗಿಸಿರುತ್ತದೆ.

ಹಂತ 1: ಮೇಲೆತ್ತಿ, ಒರೆಸಿ, ಆಫ್ ಮಾಡಿ

ಚಾರ್ಜರಿಗೆ ಸಿಕ್ಕಿಸಿದ್ದಾಗಲೇ ಫೋನು ನೀರಿಗೆ ಬಿದ್ದಿದ್ದರೆ ಮುಟ್ಟಬೇಡಿ. ಗೋಡೆಯ ಸ್ವಿಚ್ಚು ಆರಿಸಿ, ಆಮೇಲೆ ತೆಗೆಯಿರಿ. ಸ್ವಿಚ್‌ಬೋರ್ಡೂ ಒದ್ದೆಯಾಗಿದ್ದರೆ ಮೇನ್ ಸ್ವಿಚ್ ಆರಿಸಿ.

ಮೇಲೆತ್ತಿದ ತಕ್ಷಣ ಪರದೆಯನ್ನು ಒಣಬಟ್ಟೆಯಿಂದ ಒರೆಸಿ. ಒದ್ದೆ ಪರದೆ ಬೆರಳನ್ನು ಗುರುತಿಸುವುದಿಲ್ಲ, ತನ್ನಷ್ಟಕ್ಕೆ ಏನೇನೋ ಒತ್ತಿಕೊಳ್ಳುತ್ತದೆ. ಒರೆಸಿದ ಮೇಲೆ ಮೆನುವಿನಿಂದ ಪವರ್ ಆಫ್ ಮಾಡಿ. ಈಗಿನ ಅನೇಕ ಫೋನುಗಳಲ್ಲಿ ಪವರ್ ಬಟನ್ ಒಂದನ್ನೇ ಒತ್ತಿ ಹಿಡಿದರೆ ಅಸಿಸ್ಟೆಂಟ್ ತೆರೆದುಕೊಳ್ಳುತ್ತದೆ, ಫೋನು ಆಫ್ ಆಗುವುದಿಲ್ಲ. ಐಫೋನಿನಲ್ಲಿ ಸೈಡ್ ಬಟನ್ ಜೊತೆ ಯಾವುದಾದರೊಂದು ವಾಲ್ಯೂಮ್ ಬಟನ್, ಪಿಕ್ಸೆಲ್‌ನಲ್ಲಿ ಪವರ್ ಜೊತೆ ವಾಲ್ಯೂಮ್ ಅಪ್, ಸ್ಯಾಮ್ಸಂಗ್‌ನಲ್ಲಿ ಸೈಡ್ ಬಟನ್ ಜೊತೆ ವಾಲ್ಯೂಮ್ ಡೌನ್ ಒತ್ತಿದರೆ ಆಫ್ ಮಾಡುವ ಆಯ್ಕೆ ಬರುತ್ತದೆ. ಬಂದ ಕೂಡಲೇ ಬಟನ್ ಬಿಡಿ. ಹತ್ತಾರು ಸೆಕೆಂಡ್ ಒತ್ತಿಯೇ ಹಿಡಿದರೆ ಕೆಲವು ಫೋನುಗಳು ಆಫ್ ಆಗುವ ಬದಲು ರೀಸ್ಟಾರ್ಟ್ ಆಗುತ್ತವೆ, ಒದ್ದೆ ಬೋರ್ಡಿನ ಮೇಲೆ ಕರೆಂಟಿನ ಹೊರೆ ಇನ್ನೂ ಏರುತ್ತದೆ.

ಪರದೆ ಕಪ್ಪಾಗಿದ್ದು ಫೋನು ವೈಬ್ರೇಟ್ ಆಗುತ್ತಿದ್ದರೆ ಒಳಗೆ ಇನ್ನೂ ಜೀವವಿದೆ, ನಿಮ್ಮ ಕೈಯಲ್ಲಿ ಆಫ್ ಮಾಡುವ ದಾರಿಯಿಲ್ಲ. ಇಂಥ ಫೋನಿಗೆ ಮನೆಮದ್ದು ಬೇಡ. ಬ್ಯಾಟರಿ ಕನೆಕ್ಟರ್ ಬಿಡಿಸುವವರ ಬಳಿ ಅಂದೇ ಒಯ್ಯಿರಿ. ತಾನೇ ಆಫ್ ಆಗಿದ್ದರೆ ಹಾಗೇ ಬಿಡಿ. ‘ಬದುಕಿದೆಯೋ ಇಲ್ಲವೋ ನೋಡೋಣ’ ಎಂದು ಒಮ್ಮೆ ಬಟನ್ ಒತ್ತುವುದೇ ಸಾಕು, ಅಲ್ಲಿಯವರೆಗೆ ಸರಿಯಿದ್ದ ಬೋರ್ಡು ಶಾರ್ಟ್ ಆಗಬಹುದು.

ಕೀಪ್ಯಾಡ್ ಫೋನಾದರೆ ನೀವು ಪುಣ್ಯವಂತರು. ಹಿಂದಿನ ಮುಚ್ಚಳ ಬಿಚ್ಚಿ ಬ್ಯಾಟರಿ ತೆಗೆದುಬಿಡಿ, ಕರೆಂಟಿನ ಸಮಸ್ಯೆ ಅಲ್ಲಿಗೆ ಮುಗಿಯಿತು. ಬರೀ ಆಫ್ ಮಾಡಿ ಬ್ಯಾಟರಿಯನ್ನು ಒಳಗೇ ಬಿಟ್ಟರೆ ಮಾತ್ರ ಅಪಾಯ ಇದ್ದೇ ಇದೆ. ಆಫ್ ಆಗಿದ್ದರೂ ಅಲಾರ್ಮ್ ಹೊಡೆಯಲು ಎಚ್ಚರಗೊಳ್ಳುವ ಫೋನುಗಳಿವೆ.

ಹಂತ 2: ಬಿಚ್ಚಬಹುದಾದದ್ದನ್ನೆಲ್ಲ ಬಿಚ್ಚಿ, ನೀರು ಇಳಿಸಿ

ಬ್ಯಾಕ್ ಕವರ್ ತೆಗೆಯಿರಿ. ಕವರಿನೊಳಗೆ ಮಡಚಿಟ್ಟ ನೋಟು, ಚೀಟಿ ಇದ್ದರೆ ಅದೂ ನೀರು ಹಿಡಿದಿಟ್ಟುಕೊಳ್ಳುತ್ತದೆ. ಸಿಮ್ ಟ್ರೇ ಹೊರಗೆಳೆದು ಸಿಮ್ ಮತ್ತು ಮೆಮೊರಿ ಕಾರ್ಡ್ ಒರೆಸಿಟ್ಟುಕೊಳ್ಳಿ. ಟ್ರೇಯನ್ನು ಮತ್ತೆ ಹಾಕಬೇಡಿ, ಆ ತೂತು ಒಳಗಿನ ತೇವ ಹೊರಬರುವ ಬಾಗಿಲು.

ಈಗ ಚಾರ್ಜಿಂಗ್ ಪಿನ್ ಕೆಳಮುಖವಾಗಿ ಬರುವಂತೆ ಫೋನು ಹಿಡಿದು, ಇನ್ನೊಂದು ಅಂಗೈಗೆ ಮೆಲ್ಲಗೆ ತಟ್ಟಿ. ಸ್ಪೀಕರ್, ಮೈಕ್, ಚಾರ್ಜಿಂಗ್ ತೂತಿನ ಹನಿ ಬಟ್ಟೆಯ ಮೇಲೆ ಬೀಳುತ್ತದೆ. ಹನಿ ಬೀಳುವುದು ನಿಲ್ಲುವವರೆಗೆ ಸಾಕು. ಜೋರಾಗಿ ಕೊಡವಿದರೆ ಅಂಚಿನಲ್ಲಿದ್ದ ನೀರು ಬೋರ್ಡಿನ ಶೀಲ್ಡಿನೊಳಕ್ಕೆ (ಚಿಪ್ಪುಗಳನ್ನು ಮುಚ್ಚಿದ ಲೋಹದ ಹೊದಿಕೆ) ಹೋಗುತ್ತದೆ. ಬಾಯಲ್ಲಿ ಊದುವುದು, ಪಂಕ್ಚರ್ ಅಂಗಡಿಯ ಗಾಳಿ ಹೊಡೆಸುವುದು ಕೂಡ ಅದೇ ಕೆಲಸ ಮಾಡುತ್ತವೆ. ಚಾರ್ಜಿಂಗ್ ತೂತಿಗೆ ಹತ್ತಿಕಡ್ಡಿ, ಟಿಶ್ಯೂ ತುರುಕಬೇಡಿ. ಎಳೆ ಒಳಗೇ ಸಿಕ್ಕಿಕೊಂಡು ಆಮೇಲೆ ಪಿನ್ ಸರಿಯಾಗಿ ಕೂರುವುದಿಲ್ಲ.

ಈ ಹೊತ್ತಿಗೆ ಸಿಮ್ ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿ. ಅನೇಕ ಫೋನುಗಳಲ್ಲಿ ಅಲ್ಲೊಂದು ಪುಟ್ಟ ಸ್ಟಿಕರ್ ಇರುತ್ತದೆ. ಬಿಳಿಯಾಗಿದ್ದರೆ ನೀರು ಅಲ್ಲಿಗೆ ತಲುಪಿಲ್ಲ, ಕೆಂಪು ಅಥವಾ ಗುಲಾಬಿಯಾಗಿದ್ದರೆ ತಲುಪಿದೆ. ಕಂಪನಿಯ ಸರ್ವೀಸ್ ಸೆಂಟರಿನವರು ಮೊದಲು ನೋಡುವುದೂ ಇದನ್ನೇ. ಸಾಮಾನ್ಯ ವಾರಂಟಿಯಲ್ಲಿ ನೀರಿನ ಹಾನಿ ಸೇರುವುದಿಲ್ಲ. ಅಪಘಾತದ ಹಾನಿಗೆ ಬೇರೆ ವಿಮೆ ಮಾಡಿಸಿದ್ದರೆ, ಕ್ಲೇಮು ಮುಗಿಯುವವರೆಗೆ ಹೊರಗಿನ ಯಾರಿಂದಲೂ ಫೋನು ಬಿಚ್ಚಿಸಬೇಡಿ.

ಹಂತ 3: ಯಾವ ನೀರು ಎಂದು ಮೊದಲು ತೀರ್ಮಾನಿಸಿ

ಹೆಚ್ಚಿನವರು ಈ ಪ್ರಶ್ನೆಯನ್ನೇ ಕೇಳಿಕೊಳ್ಳುವುದಿಲ್ಲ. ಒಣಗಿಸಿದರೆ ನೀರು ಹೋಗುತ್ತದೆ, ನೀರಿನಲ್ಲಿ ಕರಗಿದ್ದದ್ದು ಹೋಗುವುದಿಲ್ಲ. ಅದು ಬೋರ್ಡಿನ ಮೇಲೆ ಪೊರೆಯಾಗಿ ಕೂತು, ಹವೆ ತಂಪಾದಾಗಲೆಲ್ಲ ಮತ್ತೆ ತೇವ ಎಳೆದುಕೊಳ್ಳುತ್ತದೆ.

ಮಳೆನೀರು, ಬಾವಿನೀರು, ನಲ್ಲಿನೀರು ಆದರೆ ತೊಳೆಯುವ ಅಗತ್ಯವಿಲ್ಲ. ನೇರ ಹಂತ 4ಕ್ಕೆ ಹೋಗಿ.

ನಾಟಿ ಗದ್ದೆಯ ಕೆಸರು, ಕೆನ್ನೀರು ಬಂದ ತುಂಗೆ, ಶರಾವತಿ, ಮನೆ ಹಿಂದಿನ ಹಳ್ಳ ಆದರೆ ಸಣ್ಣ ಮಣ್ಣು ಸ್ಪೀಕರ್ ಜಾಲರಿಯಲ್ಲೂ ಚಾರ್ಜಿಂಗ್ ಪಿನ್ನಿನಲ್ಲೂ ಕೂತಿರುತ್ತದೆ. ಒಣಗಿದರೆ ಗಟ್ಟಿಯಾಗುತ್ತದೆ. ಹಸಿ ಇರುವಾಗಲೇ ತೆಗೆಯಬೇಕು.

ಬೋರ್ಡೋ ದ್ರಾವಣಕ್ಕೆ ಬಿದ್ದದ್ದು ಎಲ್ಲಕ್ಕಿಂತ ಕೆಟ್ಟದ್ದು. 100 ಲೀಟರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ ಕದಡಿದ ಡ್ರಮ್ಮಿಗೆ ಬಗ್ಗಿದಾಗ ಅಂಗಿ ಜೇಬಿನಿಂದ ಫೋನು ಜಾರುವುದು ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ದಿನಗಳಲ್ಲಿ ಸಾಮಾನ್ಯ. ಅದರಲ್ಲಿ ತಾಮ್ರದ ಲವಣವೂ ಸುಣ್ಣದ ಸಣ್ಣ ಕಣಗಳೂ ಎರಡೂ ಇವೆ, ಒಣಗಿದರೆ ನೀಲಿ ಬಿಳಿ ಪೊರೆ ಕಟ್ಟುತ್ತದೆ. ಅಡಿಕೆ ಬೇಯಿಸಿದ ಚೊಗರು, ಸಕ್ಕರೆ ಹಾಕಿದ ಕಾಫಿ, ಮಜ್ಜಿಗೆ, ಸೋಪಿನ ನೀರು, ಶೌಚಾಲಯದ ನೀರು, ಮುರುಡೇಶ್ವರ, ಗೋಕರ್ಣದ ಕಡೆ ಹೋದಾಗಿನ ಸಮುದ್ರದ ನೀರು, ಇವೆಲ್ಲ ಇದೇ ಗುಂಪಿಗೆ ಸೇರುತ್ತವೆ.

ಕೊಳಕು ನೀರಾದರೆ ಮಾಡಬೇಕಾದದ್ದು ಫೋನಿನ ಮೇಲೆ ನಿಂತಿದೆ. ಐಪಿ67 ಅಥವಾ ಐಪಿ68 (ನೀರು ತಡೆಯುವ ಮಟ್ಟದ ಗುರುತು) ಇದ್ದು, ಗಾಜು ಎಲ್ಲೂ ಒಡೆಯದೆ, ಹಿಂದೆ ಒಮ್ಮೆಯೂ ಬಿಚ್ಚಿಸದ ಫೋನಾದರೆ, ಆಫ್ ಮಾಡಿ, ಸಿಮ್ ಟ್ರೇಯನ್ನು ಜಾಗಕ್ಕೆ ಕೂರಿಸಿ, ನಲ್ಲಿಯ ಸಣ್ಣ ಧಾರೆಯಲ್ಲಿ ಅರ್ಧ ನಿಮಿಷ ತೊಳೆದು, ಒರೆಸಿ, ಟ್ರೇಯನ್ನು ಮತ್ತೆ ಹೊರಗೆ ತೆಗೆದಿಡಿ. ಐಪಿ67 ಎಂದರೆ 1 ಮೀಟರ್ ಆಳದ ಶುದ್ಧ ನೀರಿನಲ್ಲಿ 30 ನಿಮಿಷ, ಅದೂ ಹೊಸ ಫೋನಿಗೆ, ಪ್ರಯೋಗಾಲಯದಲ್ಲಿ. ಎರಡು ಮೂರು ವರ್ಷ ಹಳೆಯದಾದ ಸೀಲು, ಅಥವಾ ಒಮ್ಮೆ ಡಿಸ್‌ಪ್ಲೇ ಬದಲಿಸಿದ ಫೋನಿನ ಸೀಲು ಆ ಭರವಸೆ ಕೊಡಲಾರದು. ಅಂಥ ಫೋನನ್ನೂ, ಐಪಿ ಗುರುತೇ ಇಲ್ಲದ ಫೋನನ್ನೂ ತೊಳೆಯಬೇಡಿ. ಹೊರಗೆ ಒದ್ದೆ ಬಟ್ಟೆಯಿಂದ ಒರೆಸಿ, ಆ ದಿನವೇ ಬಿಚ್ಚಿ ಸ್ವಚ್ಛ ಮಾಡುವವರಿಗೆ ಕೊಡಿ.

ಹಂತ 4: ಸಿಮ್ ಬೇರೆ ಫೋನಿಗೆ ಹಾಕಿ

ಒಣಗಿಸುವುದಕ್ಕೆ ಮೊದಲೇ ಇದನ್ನು ಹೇಳುವುದಕ್ಕೆ ಕಾರಣವಿದೆ. ಜನ ಎರಡು ದಿನ ಕಾಯದೆ ಫೋನು ಆನ್ ಮಾಡುವುದು ಒಟಿಪಿ ಬೇಕೆಂದು, ಅಡಿಕೆ ಮಂಡಿಯಿಂದ ಕರೆ ಬರುತ್ತದೆಂದು, ಸೊಸೈಟಿಯ ಮೆಸೇಜು ನೋಡಬೇಕೆಂದು. ಸಿಮ್ ಅನ್ನು ಮನೆಯ ಯಾವುದಾದರೂ ಹಳೆಯ ಕೀಪ್ಯಾಡ್ ಫೋನಿಗೆ ಹಾಕಿಬಿಟ್ಟರೆ ಆತುರ ಅರ್ಧ ಇಳಿಯುತ್ತದೆ. ಇ-ಸಿಮ್ ಇದ್ದವರು ಗುರುತಿನ ಚೀಟಿ ಹಿಡಿದು ನಿಮ್ಮ ನೆಟ್‌ವರ್ಕ್ ಕಂಪನಿಯ ಅಂಗಡಿಗೆ ಹೋಗಿ ಮಾಮೂಲಿ ಸಿಮ್‌ಗೆ ಬದಲಿಸಿಕೊಳ್ಳಬೇಕು.

ಹಂತ 5: ಒಣಗಿಸುವುದು

ಮೊದಲ ಎರಡು ಗಂಟೆ ಫ್ಯಾನಿನ ಕೆಳಗೆ, ಚಾರ್ಜಿಂಗ್ ತೂತು ಕೆಳಗೆ ಬರುವಂತೆ ಓರೆಯಾಗಿ ನಿಲ್ಲಿಸಿ. ಮೇಲ್ಮೈಯ ನೀರು ಹೋಗುತ್ತದೆ. ಕರೆಂಟು ಇಲ್ಲದಿದ್ದರೆ ಈ ಭಾಗ ಬಿಟ್ಟು, ಇನ್ನೊಮ್ಮೆ ಒರೆಸಿ ಮುಂದೆ ಹೋಗಿ.

ಆಮೇಲೆ ಡಬ್ಬಿ. 250 ಗ್ರಾಂ ಸಿಲಿಕಾ ಜೆಲ್ ಅನ್ನು ತೆಳುವಾದ ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ ತಳದಲ್ಲಿ ಹರಡಿ, ಅದರ ಮೇಲೆ ಫೋನಿಡಿ. ಜೆಲ್ ಮಣಿಗಳೊಳಗೆ ಫೋನನ್ನು ಹುಗಿಯಬೇಡಿ, ಪುಡಿ ಸ್ಪೀಕರಿಗೆ ಹೋಗುತ್ತದೆ. ಮಾಪಕವಿದ್ದರೆ ಪಕ್ಕದಲ್ಲಿಟ್ಟು ಮುಚ್ಚಳ ಬಿಗಿ ಮಾಡಿ. ಡಬ್ಬಿಯೊಳಗಿನ ತೇವಾಂಶ ಕೆಲವು ಗಂಟೆಗಳಲ್ಲಿ ಶೇ. 30ಕ್ಕಿಂತ ಕೆಳಗೆ ಇಳಿಯಬೇಕು. ಇಳಿಯದಿದ್ದರೆ ಮುಚ್ಚಳದಲ್ಲಿ ಗಾಳಿ ಸೋರುತ್ತಿದೆ, ಇಲ್ಲವೇ ಜೆಲ್ ಸತ್ತಿದೆ.

ಸಮಯ: ನೀರು ಚಿಮ್ಮಿದ್ದಷ್ಟೇ ಆದರೆ 24 ಗಂಟೆ. ಪೂರ್ತಿ ಮುಳುಗಿದ್ದರೆ 48ರಿಂದ 72 ಗಂಟೆ. ಕಿತ್ತಳೆ ಜೆಲ್ ಹಸಿರಿಗೆ ಅಥವಾ ಬಣ್ಣವಿಲ್ಲದ ಸ್ಥಿತಿಗೆ, ನೀಲಿಯದ್ದು ಗುಲಾಬಿಗೆ ತಿರುಗಿದರೆ ಜೆಲ್ ಬದಲಿಸಿ. ನೋಡುವ ಆಸೆಗೆ ಮುಚ್ಚಳ ತೆರೆದಾಗಲೆಲ್ಲ ಡಬ್ಬಿಯ ತುಂಬ ಹೊಸ ಒದ್ದೆ ಗಾಳಿ ಸೇರುತ್ತದೆ, ದಿನಕ್ಕೆ ಒಂದು ಸಲ ಸಾಕು. ಪಾರದರ್ಶಕ ಡಬ್ಬಿ ತರಲು ಇದೇ ಕಾರಣ.

ಜೆಲ್ ಸಿಗಲಿಲ್ಲವೆಂದರೆ ಎ.ಸಿ. ಇರುವ ಕೋಣೆಯಲ್ಲಿ ಡ್ರೈ ಮೋಡ್ ಹಾಕಿ, ಬಾಗಿಲು ಮುಚ್ಚಿ, ಫೋನನ್ನು ಫ್ಯಾನಿನ ಎದುರು ಇಡುವುದು ಎರಡನೆಯ ದಾರಿ. ಎ.ಸಿ. ಗಾಳಿಯಿಂದ ನೀರನ್ನು ಹಿಂಡಿ ಹೊರಗೆ ಹಾಕುತ್ತದೆ, ಉಪಯೋಗ ಅಷ್ಟರದ್ದೇ.

ಇನ್ನು ಮಾಡಬಾರದ್ದು. ಈ ಪಟ್ಟಿ ದೊಡ್ಡದು, ಏಕೆಂದರೆ ಫೋನುಗಳು ಹೆಚ್ಚಾಗಿ ಹಾಳಾಗುವುದು ಇಲ್ಲಿ.

ಅಕ್ಕಿ: ಚೀಲದಲ್ಲಿರುವ ಅಕ್ಕಿಯಲ್ಲೇ ಶೇ. 13, 14ರಷ್ಟು ತೇವ ಇರುತ್ತದೆ, ಮಳೆಗಾಲದಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಅದು ಫೋನಿನೊಳಗಿನ ನೀರನ್ನು ಎಳೆಯುವುದಿಲ್ಲ. ಹಿಟ್ಟು, ನುಚ್ಚು ಚಾರ್ಜಿಂಗ್ ಪಿನ್ನಿಗೆ ಸೇರಿ ಒದ್ದೆಯಲ್ಲಿ ಅಂಟಾಗುತ್ತದೆ. ಆಪಲ್ ಕಂಪನಿ ತನ್ನ ಸೂಚನೆಯಲ್ಲಿ ಅಕ್ಕಿ ಚೀಲ ಬೇಡವೆಂದೇ ಬರೆದಿದೆ.

ಬಚ್ಚಲು ಒಲೆ, ಅಡಿಕೆ ಡ್ರೈಯರ್, ಬಲ್ಬಿನ ಶಾಖ, ಹೇರ್ ಡ್ರೈಯರ್: ಮಲೆನಾಡಿನ ಮನೆಯಲ್ಲಿ ಒಣಗಿಸುವುದೆಂದರೆ ಒಲೆಯೇ ನೆನಪಾಗುವುದು ಸಹಜ. ಆದರೆ ಲಿಥಿಯಂ ಬ್ಯಾಟರಿಗೆ 60 ಡಿಗ್ರಿ ಸೆಲ್ಸಿಯಸ್ ಮೇಲಿನ ಶಾಖ ಅಪಾಯ. ಪರದೆಯ ಅಂಟು ಸಡಿಲಾಗುತ್ತದೆ. ಬಿಸಿಗೆ ಎದ್ದ ಆವಿ ಹೊರಬರಲಾರದೆ ಕ್ಯಾಮೆರಾ ಗಾಜಿನ ಒಳಮುಖದಲ್ಲಿ, ಪರದೆಯ ಪದರಗಳಲ್ಲಿ ಹೋಗಿ ಕೂರುತ್ತದೆ. ಬಚ್ಚಲು ಒಲೆಯ ಬಳಿಯಂತೂ ಹೊಗೆಯ ಜೊತೆ ಹಂಡೆಯ ಹಬೆಯೂ ಇದೆ.

ಫ್ರಿಜ್: ಹೊರಗೆ ತೆಗೆದ ಕೂಡಲೇ ತಣ್ಣನೆ ಬೋರ್ಡಿನ ಮೇಲೆ ನಮ್ಮ ಒದ್ದೆ ಗಾಳಿ ಹನಿಗಟ್ಟುತ್ತದೆ.

ಸುಟ್ಟ ಸುಣ್ಣ: ಬೋರ್ಡೋಗೆ ತಂದ ಸುಣ್ಣ ತೇವ ಹೀರುವುದು ನಿಜ, ಆದರೆ ಅದರ ಧೂಳು ಲೋಹವನ್ನು ತಿನ್ನುತ್ತದೆ. ಬೇಡ.

ಹಂತ 6: ಬಿಚ್ಚಿ ಸ್ವಚ್ಛ ಮಾಡುವುದು (ಕೈ ಪಳಗಿದವರಿಗೆ ಮಾತ್ರ)

ಅಂಟಿನಿಂದ ಮುಚ್ಚಿದ ಗಾಜಿನ ಫೋನನ್ನು ಮೊದಲ ಸಲ ಬಿಚ್ಚುವವರು ಪರದೆ ಒಡೆಯುತ್ತಾರೆ, ಇಲ್ಲವೇ ಫಿಂಗರ್‌ಪ್ರಿಂಟಿನ ಸ್ಟ್ರಿಪ್ ಹರಿಯುತ್ತಾರೆ. ಅಂಥದ್ದನ್ನು ಅಂಗಡಿಗೆ ಬಿಡಿ. ಕೀಪ್ಯಾಡ್ ಫೋನು, ಸ್ಕ್ರೂ ಇರುವ ಹಳೆಯ ಸ್ಮಾರ್ಟ್‌ಫೋನುಗಳನ್ನು ಮನೆಯಲ್ಲೇ ಮಾಡಬಹುದು.

1. ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಕಾಗದದ ಮೇಲೆ ಜಾಗ ಗುರುತು ಮಾಡಿ ಇಡಿ. ಉದ್ದದ ಸ್ಕ್ರೂ ತಪ್ಪು ತೂತಿಗೆ ಹೋದರೆ ಬೋರ್ಡನ್ನೇ ಕೊರೆಯುತ್ತದೆ.

2. ಮುಚ್ಚಳ ತೆರೆದ ಮೇಲೆ ಮೊದಲು ಬ್ಯಾಟರಿ ಕನೆಕ್ಟರ್ ಬಿಡಿಸಿ, ಪ್ಲಾಸ್ಟಿಕ್ ಚಪ್ಪಟೆ ಕಡ್ಡಿಯಿಂದ. ಅದಕ್ಕೆ ಮೊದಲು ಚಿಮುಟ, ಸ್ಕ್ರೂಡ್ರೈವರ್ ಒಳಗೆ ತಾಗಿಸಬೇಡಿ.

3. ಡಿಸ್‌ಪ್ಲೇ, ಕ್ಯಾಮೆರಾ, ಸ್ಪೀಕರ್ ಕನೆಕ್ಟರುಗಳನ್ನು ಬಿಡಿಸಿ ಬೋರ್ಡನ್ನು ಹೊರಗೆ ತೆಗೆಯಿರಿ. ಕೆಸರು, ಬೋರ್ಡೋ, ಕಾಫಿ ಬಿದ್ದಿದ್ದರೆ ಬರೀ ಬೋರ್ಡನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಜಾಲಾಡಿ. ಐಪಿಎಗೆ ಲವಣ ಅಷ್ಟಾಗಿ ಕರಗದು, ಅದಕ್ಕೇ ಮೊದಲು ನೀರು.

4. ಗಾಜಿನ ಬಟ್ಟಲಿನಲ್ಲಿ ಬೋರ್ಡು ಮುಳುಗುವಷ್ಟು ಐಪಿಎ ಹಾಕಿ 5ರಿಂದ 10 ನಿಮಿಷ ಬಿಡಿ. ಮೆದು ಬ್ರಷ್ಷಿನಿಂದ ಕನೆಕ್ಟರುಗಳ ಸುತ್ತ, ಶೀಲ್ಡಿನ ಅಂಚಿನಲ್ಲಿ ಹಗುರವಾಗಿ ಉಜ್ಜಿ. ಒಂದು ಸಣ್ಣ ಬಿಡಿಭಾಗ ಕಿತ್ತುಬಂದರೂ ಬೋರ್ಡು ಮುಗಿಯಿತು, ಬಲ ಹಾಕಬೇಡಿ. ಆ ಐಪಿಎ ಚೆಲ್ಲಿ, ಹೊಸದರಲ್ಲಿ ಇನ್ನೊಮ್ಮೆ ಅದ್ದಿ ತೆಗೆಯಿರಿ.

5. ಬ್ಯಾಟರಿ, ಪರದೆ, ಕ್ಯಾಮೆರಾ, ಸ್ಪೀಕರುಗಳನ್ನು ಐಪಿಎಯಲ್ಲಿ ಮುಳುಗಿಸಬೇಡಿ. ಪರದೆಯ ಪದರಗಳಲ್ಲಿ ಅದು ಇಳಿದರೆ ಕಲೆ ಉಳಿಯುತ್ತದೆ. ಅವುಗಳ ಕನೆಕ್ಟರ್ ತುದಿಗೆ ಮಾತ್ರ ಬ್ರಷ್ ತಾಗಲಿ.

6. ಐಪಿಎ ಆರುವಾಗ ಬೋರ್ಡು ತಣ್ಣಗಾಗುತ್ತದೆ. ಮಳೆಗಾಲದ ಗಾಳಿಯಲ್ಲಿ ಆ ತಂಪಿಗೆ ಸಣ್ಣ ಹನಿ ಕಟ್ಟುತ್ತದೆ. ಆದ್ದರಿಂದ ಐಪಿಎ ಆರಿದ ಕೂಡಲೇ ಜೋಡಿಸಬೇಡಿ, ಬೋರ್ಡನ್ನು ಜೆಲ್ ಡಬ್ಬಿಯಲ್ಲಿ 6 ಗಂಟೆಯಾದರೂ ಇಡಿ. ಐಪಿಎ ಬಾಟಲಿಯ ಮುಚ್ಚಳ ತೆರೆದಿಟ್ಟರೆ ಅದೂ ಗಾಳಿಯ ತೇವ ಕುಡಿಯುತ್ತದೆ.

ಐಪಿಎ ಬೇಗ ಹೊತ್ತಿಕೊಳ್ಳುವ ದ್ರವ. ಒಲೆ, ದೇವರ ದೀಪ, ಬೀಡಿ ಯಾವುದೂ ಹತ್ತಿರ ಇರಬಾರದು, ಕಿಟಕಿ ತೆರೆದಿರಲಿ. ಅದರ ಬದಲು ಸ್ಯಾನಿಟೈಸರ್ ಬಳಸಬೇಡಿ, ಅದರಲ್ಲಿ ನೀರೂ ಗ್ಲಿಸರಿನ್ನೂ ಇರುತ್ತದೆ. ಔಷಧಿ ಅಂಗಡಿಯ ಶೇ. 70ರ ಸ್ಪಿರಿಟ್ಟಿನಲ್ಲಿ ಉಳಿದದ್ದು ನೀರು. ಪೆಟ್ರೋಲ್, ಥಿನ್ನರ್ ಪ್ಲಾಸ್ಟಿಕ್ಕನ್ನು ಕರಗಿಸುತ್ತವೆ.

ಹಂತ 7: ಆನ್ ಮಾಡುವ ಕ್ರಮ

ಮೊದಲು ಕಣ್ಣಿನ ಪರೀಕ್ಷೆ. ಕ್ಯಾಮೆರಾ ಗಾಜಿನೊಳಗೆ ಮಂಜು ಕಟ್ಟಿದ್ದರೆ ಒಳಗೆ ಇನ್ನೂ ತೇವ ಇದೆ, ಇನ್ನೊಂದು ದಿನ ಡಬ್ಬಿಯಲ್ಲಿಡಿ. ಚಾರ್ಜಿಂಗ್ ತೂತಿಗೆ ಟಾರ್ಚ್ ಬಿಟ್ಟು ನೋಡಿ, ಪಿನ್ನುಗಳು ಲೋಹದ ಹೊಳಪಿನಲ್ಲೇ ಇರಬೇಕು. ಹಸಿರು ಅಥವಾ ಕಪ್ಪು ಚುಕ್ಕೆ ಕಂಡರೆ ಚಾರ್ಜರ್ ಸಿಕ್ಕಿಸಲೇಬಾರದು.

ನಂತರ ಚಾರ್ಜಿಗೆ ಹಾಕದೆ, ಇರುವ ಬ್ಯಾಟರಿಯಲ್ಲೇ ಆನ್ ಮಾಡಿ. ಫೋನನ್ನು ಅಂಗೈಯಲ್ಲೇ ಹಿಡಿದಿರಿ. ಎರಡು ನಿಮಿಷದೊಳಗೆ ಯಾವುದೋ ಒಂದು ಜಾಗ ಮಾತ್ರ ಬಿಸಿಯಾದರೆ ಅಲ್ಲಿ ಶಾರ್ಟ್ ಇದೆ, ಆಫ್ ಮಾಡಿ ಅಂಗಡಿಗೆ ಕೊಡಿ.

ಆನ್ ಆಯಿತೇ? ಹಾಗಾದರೆ ಮೊದಲು ಬ್ಯಾಕಪ್. ಫೋಟೊ, ಕಾಂಟ್ಯಾಕ್ಟ್, ವಾಟ್ಸಾಪ್, ಜಮೀನಿನ ದಾಖಲೆಗಳ ಚಿತ್ರ, ಎಲ್ಲ. ನೀರು ಕುಡಿದ ಫೋನು ಒಂದು ದಿನ ಚೆನ್ನಾಗಿ ನಡೆದು ಮರುದಿನ ಏಳದೆ ಹೋಗುವುದುಂಟು. ಸ್ಪೀಕರ್ ಸರಿಯಿದೆಯೋ, ಆಟ ಓಡುತ್ತದೆಯೋ ಎಂಬುದೆಲ್ಲ ಆಮೇಲಿನ ಮಾತು. ಬ್ಯಾಟರಿ ಮುಗಿಯುವಂತಿದ್ದರೆ ಬ್ರೈಟ್‌ನೆಸ್ ಇಳಿಸಿ, ಮುಖ್ಯವಾದದ್ದನ್ನು ಮೊದಲು ಕಳಿಸಿ.

ಕೊನೆಗೆ ಚಾರ್ಜ್. ಫಾಸ್ಟ್ ಚಾರ್ಜರ್ ಬೇಡ, ಹಳೆಯ 5 ವೋಲ್ಟ್ 1 ಆಂಪ್ ಚಾರ್ಜರ್ ಸಾಕು. ಮೊದಲ 15 ನಿಮಿಷ ಎದುರೇ ಕೂತು ನೋಡಿ. ನೀರಿನ ಹನಿಯ ಗುರುತು ಅಥವಾ ತೇವದ ಎಚ್ಚರಿಕೆ ಬಂದರೆ ಕೇಬಲ್ ಕೀಳಿ. ಆ ಎಚ್ಚರಿಕೆಯನ್ನು ಬದಿಗೊತ್ತಿ ಚಾರ್ಜ್ ಮಾಡುವ ಆಯ್ಕೆ ಕೆಲವು ಫೋನುಗಳಲ್ಲಿದೆ, ಮುಟ್ಟಬೇಡಿ. ಬರೀ ಚಾರ್ಜಿಂಗ್ ತೂತು ಒದ್ದೆಯಾದದ್ದಾದರೆ ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ, ಪೂರ್ತಿ ಒಣಗಲು ಒಂದು ದಿನವೂ ಹಿಡಿಯಬಹುದು. ರಾತ್ರಿ ಚಾರ್ಜಿಗೆ ಹಾಕಿ ಮಲಗುವುದನ್ನು ಎರಡು ವಾರ ನಿಲ್ಲಿಸಿ.

ಅಪಾಯದ ಸೂಚನೆಗಳು

ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಮೇಲೇಳುವುದು, ಆಫ್ ಇದ್ದರೂ ಫೋನು ಬಿಸಿಯಾಗುವುದು, ಸುಸ್ಸೆನ್ನುವ ಶಬ್ದ, ಸಿಹಿಯಾದ ರಾಸಾಯನಿಕ ವಾಸನೆ: ಇವುಗಳಲ್ಲಿ ಒಂದು ಕಂಡರೂ ಫೋನಿನ ಆಸೆ ಬಿಡಿ. ಮನೆಯ ಹೊರಗೆ, ಮಳೆ ಬೀಳದ ಕಡೆ ಸಿಮೆಂಟ್ ನೆಲದ ಮೇಲೋ ಮರಳಿನ ಮೇಲೋ ಇಡಿ. ಕಟ್ಟಿಗೆ, ಅಡಿಕೆ ಸಿಪ್ಪೆ, ಹುಲ್ಲಿನ ಹತ್ತಿರ ಬೇಡ. ಮುಚ್ಚಿದ ಡಬ್ಬಿಯಲ್ಲಂತೂ ಬೇಡವೇ ಬೇಡ. ಉಬ್ಬಿದ ಬ್ಯಾಟರಿಯನ್ನು ಒತ್ತಿ ಚಪ್ಪಟೆ ಮಾಡಲು, ಚುಚ್ಚಲು ಹೋಗಬೇಡಿ.

ಇನ್ನು ನಿಧಾನದ ಸೂಚನೆಗಳು ವಾರಗಳ ಮೇಲೆ ಬರುತ್ತವೆ. ಚಾರ್ಜ್ ಮೊದಲಿಗಿಂತ ನಿಧಾನ, ಬಳಸದಿದ್ದರೂ ಬ್ಯಾಟರಿ ಇಳಿಯುವುದು, ನೆಟ್‌ವರ್ಕ್ ಬಂದು ಹೋಗುವುದು, ನಿಮ್ಮ ಮಾತು ಎದುರಿನವರಿಗೆ ಸಣ್ಣದಾಗಿ ಕೇಳುವುದು. ನೆಟ್‌ವರ್ಕ್ ಮೊದಲೇ ದುರ್ಬಲವಿರುವ ನಮ್ಮ ಹಳ್ಳಿಗಳಲ್ಲಿ ಈ ಮೂರನೆಯದನ್ನು ಟವರಿನ ತಪ್ಪೆಂದು ಬಿಟ್ಟುಬಿಡುತ್ತಾರೆ. ಪಕ್ಕದಲ್ಲಿ ಅದೇ ಕಂಪನಿಯ ಸಿಮ್ ಇರುವ ಬೇರೆ ಫೋನಿಟ್ಟು ಕಡ್ಡಿ ಹೋಲಿಸಿ ನೋಡಿದರೆ ತಿಳಿಯುತ್ತದೆ. ಇವೆಲ್ಲ ಒಳಗೆ ಕಿಲುಬು ಬೆಳೆಯುತ್ತಿರುವ ಗುರುತು, ಬೇಗ ಬಿಚ್ಚಿಸಿ ಸ್ವಚ್ಛ ಮಾಡಿಸಿದರೆ ಇನ್ನೂ ಉಳಿಯಬಹುದು.

ಅಂಗಡಿಗೆ ಕೊಡುವಾಗ

ಆಗುಂಬೆಯಿಂದ ಶಿವಮೊಗ್ಗಕ್ಕೆ ಸುಮಾರು 90 ಕಿ.ಮೀ. ಬಸ್ಸಿನ ಆ ಹೊತ್ತನ್ನು ಹಾಳು ಮಾಡಿಕೊಳ್ಳಬೇಡಿ, ಫೋನನ್ನು ಜೆಲ್ ಡಬ್ಬಿಯಲ್ಲೇ ಇಟ್ಟುಕೊಂಡು ಹೋಗಿ.

ಯಾವ ನೀರಿಗೆ ಬಿತ್ತು, ಎಷ್ಟು ಹೊತ್ತು ಇತ್ತು, ಆಮೇಲೆ ಆನ್ ಮಾಡಿದಿರೋ ಚಾರ್ಜಿಗೆ ಹಾಕಿದಿರೋ, ಎಲ್ಲ ನಿಜ ಹೇಳಿ. ನಾಚಿಕೆಗೆ ‘ಬರೀ ಮಳೆಹನಿ ಬಿತ್ತು’ ಎಂದರೆ ಬೋರ್ಡೋ ಬಿದ್ದ ಬೋರ್ಡನ್ನು ಅವರು ಬರೀ ಬ್ಲೋವರ್ ಹಿಡಿದು ಕೊಡುತ್ತಾರೆ. ಕೇಳಬೇಕಾದ ಪ್ರಶ್ನೆಗಳೂ ಇವೆ: ಅಲ್ಟ್ರಾಸಾನಿಕ್ ಕ್ಲೀನರ್ (ಕಂಪನದಿಂದ ಕೊಳೆ ಬಿಡಿಸುವ ಯಂತ್ರ) ಇದೆಯೇ? ಶೀಲ್ಡ್ ತೆಗೆದು ಒಳಗೆ ನೋಡುತ್ತೀರಾ? ಸ್ವಚ್ಛ ಮಾಡುವ ಮೊದಲು ಬ್ಯಾಟರಿ ಬಿಡಿಸುತ್ತೀರಾ? ‘ಕಾಂಬೋ (ಗಾಜು ಸಮೇತ ಹೊಸ ಡಿಸ್‌ಪ್ಲೇ) ಹಾಕಿದರೆ ಸರಿಯಾಗುತ್ತದೆ’ ಎಂದು ಬಿಚ್ಚುವ ಮೊದಲೇ ಹೇಳುವವರಿಗೆ ಒಪ್ಪಬೇಡಿ. ಬೋರ್ಡು ಸ್ವಚ್ಛವಾದ ಮೇಲೆ ಪರದೆಯ ಬೆಳಕು ತಾನೇ ಬರುವುದುಂಟು. ಬಾರದಿದ್ದರೆ ಆಗ ಡಿಸ್‌ಪ್ಲೇ ಮಾತು.

ಫೋಟೊ, ದಾಖಲೆಯಷ್ಟೇ ಬೇಕು, ಫೋನು ಹೋದರೆ ಹೋಗಲಿ ಎಂದಿದ್ದರೆ ಅದನ್ನೇ ಮೊದಲು ಹೇಳಿ. ಈಗಿನ ಫೋನುಗಳಲ್ಲಿ ಮಾಹಿತಿ ಗುಪ್ತಲಿಪಿಯಲ್ಲಿರುತ್ತದೆ, ಮೆಮೊರಿ ಚಿಪ್ ಕಿತ್ತು ಓದಿದರೆ ಏನೂ ಸಿಗುವುದಿಲ್ಲ. ಅದೇ ಬೋರ್ಡು ಒಮ್ಮೆ ಎದ್ದು ನಿಲ್ಲಬೇಕು, ನೀವು ಲಾಕ್ ತೆರೆಯಬೇಕು. ಇದು ತಿಳಿದ ರಿಪೇರಿಯವರು ಆ ಬೋರ್ಡಿನ ಮೇಲೆ ಕಾವು ಕೊಡುವಾಗ ಹೆಚ್ಚು ಜಾಗ್ರತೆ ವಹಿಸುತ್ತಾರೆ.

ಜೆಲ್ ಮತ್ತೆ ಬಳಸುವುದು

ತೇವ ಹೀರಿದ ಜೆಲ್ ಎಸೆಯಬೇಡಿ. ಓವನ್ ಇದ್ದರೆ 110ರಿಂದ 120 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೆ ಬಣ್ಣ ಮರಳುತ್ತದೆ. ಇಲ್ಲದಿದ್ದರೆ ಅಡುಗೆಗೆ ಬಳಸದ ಹಳೆಯ ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಅರ್ಧ ಗಂಟೆ ಹುರಿಯಿರಿ. ಮಣಿಗಳು ಕಪ್ಪಾಗತೊಡಗಿದರೆ ಉರಿ ಹೆಚ್ಚಾಯಿತು. ನೀಲಿ ಜೆಲ್ ಅನ್ನು ಮಾತ್ರ ಅಡುಗೆಮನೆಯಲ್ಲಿ, ಅಡುಗೆ ಓವನ್ನಿನಲ್ಲಿ ಬಿಸಿ ಮಾಡಬಾರದು. ಬಿಸಿ ಇರುವಾಗಲೇ ಗಾಜಿನ ಅಥವಾ ಸ್ಟೀಲಿನ ಬಿಗಿ ಡಬ್ಬಿಗೆ ತುಂಬಿ ಮುಚ್ಚಿ. ಹೊರಗೆ ಆರಲು ಬಿಟ್ಟರೆ ತಣ್ಣಗಾಗುವಷ್ಟರಲ್ಲಿ ಮತ್ತೆ ತೇವ ಹಿಡಿಯುತ್ತದೆ. ಈ ಕೆಲಸವನ್ನು ಮೇ ಕೊನೆಯ ವಾರ, ಮೃಗಶಿರಾ ಮಳೆಗೆ ಮೊದಲು ಮಾಡಿ ಮುಗಿಸಿ, ಡಬ್ಬಿಯ ಮೇಲೆ ದಿನಾಂಕ ಬರೆದಿಡಿ. ಆಗಸ್ಟಿನಲ್ಲಿ ಒಮ್ಮೆ ಬಣ್ಣ ನೋಡಿ, ಮಾಸಿದ್ದರೆ ಇನ್ನೊಮ್ಮೆ ಹುರಿಯಿರಿ.